ಜ್ವರ ಬಿಟ್ಟ ಮೇಲೂ...

ಈ ಸಲ ಬರೆಯುವುದಕ್ಕೆ ಸ್ವಲ್ಪ ತಡವಾಯಿತು. ಶಾಲೆ ಶುರುವಾದ ಗಡಿಬಿಡಿ, ಅದರ ಮೇಲೆ ಮಳೆ. ಮೊನ್ನೆ ಸ್ಟಾಫ್ ರೂಮಿನ ಕಪಾಟು ಗುಡಿಸಿ ಒರೆಸುವಾಗ ಒಂದು ಹಳೆಯ ಹಾಜರಿ ಪುಸ್ತಕದ ಒಳಗಿನಿಂದ ಚೌಕುಳಿ ಹಾಳೆಯೊಂದು ಕೆಳಗೆ ಬಿತ್ತು. ಲೆಕ್ಕದ ಪುಸ್ತಕದಿಂದ ಹರಿದದ್ದು. ಅದರಲ್ಲಿ ನಾನೇ ಸ್ಕೇಲ್ ಇಟ್ಟು ಎಳೆದ 14 ಮನೆಗಳು. ಪ್ರತಿ ಮನೆಯಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಸರಿ ಗುರುತು. ಹನ್ನೊಂದನೆಯ ಮನೆಯಲ್ಲಿ ಮಾತ್ರ ಗುರುತಿನ ಜೊತೆ ಒಂದು ಎಣ್ಣೆ ಕಲೆ. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕುಳಿತೆ. ಅದರ ಕಥೆಯನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿರಲಿಲ್ಲ, ಯಾಕೆಂದರೆ ಅದರಲ್ಲಿ ನನ್ನದೇ ಒಂದು ತಪ್ಪು ಉಂಟು.

2014ರ ಮಾತು. ಮಂಜೇಶ್ವರ ಕಡೆಯ ಒಳಭಾಗದ ಒಂದು ಶಾಲೆಯಲ್ಲಿ ನಾನು ಆಗ ಆರನೆಯ ತರಗತಿಯ ಕ್ಲಾಸ್ ಟೀಚರ್. ಕನ್ನಡ ಮಾಧ್ಯಮದ ಆ ತರಗತಿಯಲ್ಲಿ ಇದ್ದದ್ದೇ 17 ಮಕ್ಕಳು. ಅವರಲ್ಲಿ ಒಬ್ಬಳು ಹುಡುಗಿ. ಹೆಸರು ಬೇಡ. ಐದನೆಯ ತರಗತಿಯಲ್ಲಿ ಓಟದ ಸ್ಪರ್ಧೆಗೆ ಉಪಜಿಲ್ಲೆಯವರೆಗೆ ಹೋಗಿ ಬಂದವಳು. ಜೂನ್ ತಿಂಗಳಲ್ಲಿ ಶಾಲೆಗೆ ಬಂದಾಗ ಮಾತ್ರ ಬೇರೆಯೇ ಹುಡುಗಿಯ ಹಾಗಿದ್ದಳು. ಮೊದಲ ಪೀರಿಯಡ್‌ನಲ್ಲಿ ತೂಕಡಿಕೆ. ಮಧ್ಯಾಹ್ನ ಗಂಜಿ, ಹೆಸರು ಉಂಡ ಮೇಲಂತೂ ಡೆಸ್ಕಿನ ಮೇಲೆ ತಲೆ ಇಟ್ಟರೆ ಎಬ್ಬಿಸುವುದೇ ಕಷ್ಟ. ಜುಲೈಯಲ್ಲಿ ಮೂರು ದಿನ ರಜೆ, ಜ್ವರವಂತೆ. ಮತ್ತೆ ಆಗಸ್ಟ್ ಕೊನೆಗೆ ನಾಲ್ಕು ದಿನ.

ನಾನು ಏನು ಮಾಡಿದೆ? ಗದರಿದೆ. "ರಾತ್ರಿ ಎಷ್ಟು ಗಂಟೆಯವರೆಗೆ ಟಿ.ವಿ. ನೋಡ್ತೀ?" ಎಂದು ಎಲ್ಲರೆದುರು ಕೇಳಿದೆ. ಅವಳು ಏನೂ ಹೇಳಲಿಲ್ಲ. ಅವಳ ಅಮ್ಮ ಒಂದು ದಿನ ಗೇಟಿನ ಹತ್ತಿರ ಸಿಕ್ಕಾಗ ದೂರು ಹೇಳಿದೆ. "ಎಂತ ಮಾಡುದು ಟೀಚರೇ, ಮನೆಯಲ್ಲಿಯೂ ಹಾಗೇ. ಬಾವಿಯಿಂದ ಒಂದು ಕೊಡ ನೀರು ತಂದರೆ ಕೂತುಬಿಡ್ತಾಳೆ. ಬಚ್ಚುತ್ತದೆ ಅಂತಾಳೆ" ಎಂದರು. ನಾನು ಅದನ್ನೂ ಸೋಮಾರಿತನ ಎಂದೇ ತಿಳಿದೆ.

ಸೆಪ್ಟೆಂಬರಿನ ಒಂದು ದಿನ ಸಮಾಜ ಪಾಠದ ನಡುವೆ ಅವಳು ಮತ್ತೆ ನಿದ್ದೆಹೋದಳು. ನನಗೆ ಸಿಟ್ಟು ಬಂತು. "ನಿಂತುಕೋ, ಪೀರಿಯಡ್ ಮುಗಿಯುವವರೆಗೆ ನಿಂತುಕೊಂಡೇ ಇರು" ಎಂದೆ. ನಿಂತಳು. ಸುಮಾರು ಹತ್ತು ನಿಮಿಷ ಆಗಿರಬಹುದು, ಬೋರ್ಡಿಗೆ ಮುಖ ಮಾಡಿದ್ದ ನನಗೆ ಹಿಂದೆ ಡೆಸ್ಕ್ ಸರಿದ ಸದ್ದು ಕೇಳಿತು. ತಿರುಗಿ ನೋಡಿದರೆ ನೆಲದಲ್ಲಿ ಬಿದ್ದಿದ್ದಾಳೆ. ಎತ್ತಿ ಕೂರಿಸಿ ನೀರು ಚಿಮುಕಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಿರಬೇಕಾದ ಜಾಗ ಸುಣ್ಣದ ಗೋಡೆಯ ಹಾಗಿತ್ತು. ಉಗುರುಗಳೂ ಹಾಗೆಯೇ. ಎದೆ ಮಾತ್ರ ಓಡಿ ಬಂದವಳ ಹಾಗೆ ಬಡಿದುಕೊಳ್ಳುತ್ತಿತ್ತು.

ಹೆಡ್ ಮಾಸ್ಟ್ರ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ 7.4 ಬಂತು. ಅವಳ ವಯಸ್ಸಿನ, ಅಂದರೆ 5ರಿಂದ 11 ವರ್ಷದ ಮಕ್ಕಳಿಗೆ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಕನಿಷ್ಠ 11.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 8ಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗುಲ್ಮ ದಪ್ಪವಾಗಿದೆ, ರಕ್ತದ ಲೇಪ ತೆಗೆಯಿರಿ ಎಂದರು. ನಾನು ಮೆಲ್ಲ ಕೇಳಿದೆ: "ಡಾಕ್ಟ್ರೇ, ರಕ್ತ ಕಡಿಮೆ ಎಂದು ಗೊತ್ತಾಯಿತಲ್ಲ, ಇನ್ನೆಂತದಕ್ಕೆ ಪರೀಕ್ಷೆ?" ಅವರು ಹೇಳಿದ್ದು ನನಗೆ ಈಗಲೂ ನೆನಪುಂಟು. "ಕಡಿಮೆ ಆದದ್ದು ಗೊತ್ತಾಯಿತು ಟೀಚರ್. ಎಲ್ಲಿಗೆ ಹೋಯಿತು ಎಂದು ಗೊತ್ತಾಗಬೇಡವೇ?"

ಸಂಜೆ ವರದಿ ಬಂತು. ಮಲೇರಿಯಾ. ವೈವಾಕ್ಸ್ ಜಾತಿಯದ್ದು.

ಆಮೇಲೆ ಅಮ್ಮನ ಬಾಯಿಯಿಂದ ಒಂದೊಂದೇ ವಿಷಯ ಹೊರಗೆ ಬಂತು. ಹುಡುಗಿಯ ಅಪ್ಪ ಮಂಗಳೂರಿನಲ್ಲಿ ಕಟ್ಟಡದ ಕಾಂಕ್ರೀಟ್ ಕೆಲಸಕ್ಕೆ ಹೋಗುವವರು. ಏಪ್ರಿಲ್, ಮೇ ರಜೆಯಲ್ಲಿ ಇವರೆಲ್ಲರೂ ಅಲ್ಲಿಯೇ ಸೈಟಿನ ಶೆಡ್ಡಿನಲ್ಲಿ ಇದ್ದರು. ಮಂಗಳೂರಿನ ಮಲೇರಿಯಾದ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾದದ್ದಿಲ್ಲ. 1990ರ ದಶಕದಿಂದ ಸುಮಾರು ಎರಡು ದಶಕ ಆ ನಗರವನ್ನು ಅದು ಕಾಡಿತು. ಅಲ್ಲಿ ಅದನ್ನು ಹರಡುವ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಗೆ ಕೊಳಚೆ ಬೇಡ, ಶುದ್ಧ ನೀರೇ ಬೇಕು. ಬಾವಿ, ತಾರಸಿಯ ಟ್ಯಾಂಕಿ, ಕಾಂಕ್ರೀಟ್ ಗಟ್ಟಿಯಾಗಲೆಂದು ಸ್ಲ್ಯಾಬಿನ ಮೇಲೆ ಕಟ್ಟಿ ನಿಲ್ಲಿಸುವ ನೀರು, ಇವೇ ಅದರ ತೊಟ್ಟಿಲು. ಹುಡುಗಿಗೆ ಮೇ ತಿಂಗಳಲ್ಲಿ ಅಲ್ಲಿಯೇ ಚಳಿಜ್ವರ ಬಂದು ಮಾತ್ರೆ ಕೊಟ್ಟಿದ್ದರು. ಮೂರು ದಿನದಲ್ಲಿ ಜ್ವರ ಬಿಟ್ಟಿತು. ಉಳಿದ ಮಾತ್ರೆ ತಿಂದರೆ ಹೊಟ್ಟೆ ಉರಿ ಎಂದು ನಿಲ್ಲಿಸಿದರು. "ಜ್ವರ ಬಿಟ್ಟಿತಲ್ಲ ಟೀಚರೇ, ಮತ್ತೆ ಮದ್ದು ಎಂತಕ್ಕೆ ಅಂತ..." ಎಂದು ಆ ತಾಯಿ ತಲೆ ತಗ್ಗಿಸಿದರು.

ತಲೆ ತಗ್ಗಿಸಬೇಕಾದದ್ದು ನಾನು. ಯಾಕೆಂದರೆ ಇದೇ ಕೆಲಸವನ್ನು ನಾನೂ ಮಾಡಿದ್ದೆ! 1999ರಲ್ಲಿ ಮಂಗಳೂರಿನಲ್ಲಿ ಟಿಸಿಎಚ್ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ನಮಗೆ ಐದಾರು ಜನರಿಗೆ ಮಲೇರಿಯಾ ಬಂದಿತ್ತು. ಜ್ವರ ಬಿಟ್ಟ ಕೂಡಲೇ ನಾನು ಮಾತ್ರೆಯ ಪೊಟ್ಟಣವನ್ನು ಟ್ರಂಕಿನ ಅಡಿಗೆ ಹಾಕಿದೆ. ಎರಡು ತಿಂಗಳ ಮೇಲೆ ಪಾಠ ಬೋಧನೆಯ ಅಭ್ಯಾಸದ ಹೊತ್ತಿಗೆ ಮತ್ತೆ ಗಡಗಡ ನಡುಕ. ಆ ವರ್ಷವಿಡೀ ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಬಾಚಿದರೆ ಕೈತುಂಬ ಕೂದಲು. ಅಮ್ಮ "ಮೈಯಲ್ಲಿ ರಕ್ತ ಇಲ್ಲ" ಎಂದು ಬೀಟ್‌ರೂಟ್ ಬೇಯಿಸಿ ಹಾಕಿದ್ದೇ ಹಾಕಿದ್ದು. ಜ್ವರಕ್ಕೂ ಆ ಬಳಲಿಕೆಗೂ ಸಂಬಂಧ ಉಂಟೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹದಿನೈದು ವರ್ಷದ ನಂತರ ನನ್ನ ಮುಂದೆಯೇ ಒಂದು ಮಗು ಅದೇ ಸ್ಥಿತಿಯಲ್ಲಿ ಕುಳಿತಾಗಲೂ ನನಗೆ ಹೊಳೆಯಲಿಲ್ಲ.

ಹಾಗಾದರೆ ಮಲೇರಿಯಾ ರಕ್ತವನ್ನು ಹೇಗೆ ಕುಡಿಯುತ್ತದೆ? ಆಮೇಲೆ ಡಾಕ್ಟರರನ್ನು ಕೇಳಿ, ಪುಸ್ತಕ ಓದಿ ನಾನು ತಿಳಿದುಕೊಂಡದ್ದನ್ನು ತರಗತಿಯಲ್ಲಿ ಹೇಳುವ ಹಾಗೆಯೇ ಇಲ್ಲಿ ಹೇಳುತ್ತೇನೆ.

ಮಲೇರಿಯಾದ ರೋಗಾಣುವನ್ನು ರೋಗಿಯ ರಕ್ತದಲ್ಲಿ ಮೊದಲು ಕಂಡವರು ಲ್ಯಾವೆರಾನ್, 1880ರಲ್ಲಿ, ಅಲ್ಜೀರಿಯಾದಲ್ಲಿ. ಅದು ಸೊಳ್ಳೆಯ ಹೊಟ್ಟೆಯಲ್ಲಿಯೂ ಬೆಳೆಯುತ್ತದೆ ಎಂದು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ನಮ್ಮ ಸಿಕಂದರಾಬಾದಿನಲ್ಲಿ ಕಂಡುಹಿಡಿದರು. ಸೊಳ್ಳೆ ಕಚ್ಚಿದಾಗ ರೋಗಾಣು ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಹೆಚ್ಚಿಕೊಂಡು ಆಮೇಲೆ ಕೆಂಪು ರಕ್ತಕಣದ ಒಳಗೆ ಹೊಕ್ಕುತ್ತದೆ. ಒಳಗೆ ಕುಳಿತು ಹಿಮೋಗ್ಲೋಬಿನ್ನನ್ನೇ ತಿನ್ನುತ್ತದೆ. ವೈವಾಕ್ಸ್ ಆದರೆ ಸುಮಾರು 48 ಗಂಟೆಯಲ್ಲಿ ಒಂದು ಹೋಗಿ ಹನ್ನೆರಡೋ ಇಪ್ಪತ್ತೋ ಆಗಿ, ಕಣವನ್ನು ಒಡೆದು ಹೊರಗೆ ಬಂದು, ಹೊಸ ಕಣಗಳಿಗೆ ನುಗ್ಗುತ್ತದೆ. ದಿನ ಬಿಟ್ಟು ದಿನ ಚಳಿ ಬರುವುದು ಕಣಗಳು ಒಟ್ಟಿಗೆ ಒಡೆಯುವ ಈ ಹೊತ್ತಿನಲ್ಲಿಯೇ.

ಒಡೆದ ಕಣ ಹೋಯಿತು, ಅಷ್ಟೇ ನಷ್ಟ ಎಂದು ನಾನು ತಿಳಿದಿದ್ದೆ. ಹಾಗಲ್ಲ. ವೈವಾಕ್ಸಿನಲ್ಲಿ ರೋಗಾಣು ಹೊಕ್ಕ ಕಣಗಳು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಮಾತ್ರ. ಆದರೆ ರೋಗಾಣು ಹೊಕ್ಕ ಒಂದೊಂದು ಕಣದ ಜೊತೆಗೆ ಏನೂ ಆಗದ ಸುಮಾರು 34 ಕಣಗಳು ನಾಶವಾಗುತ್ತವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಫಾಲ್ಸಿಪಾರಂ ಜಾತಿಯಲ್ಲಿ ಈ ಲೆಕ್ಕ ಸುಮಾರು 8. ಸೋಂಕಿನ ಗಲಾಟೆಯಲ್ಲಿ ಒಳ್ಳೆಯ ಕಣಗಳ ಪೊರೆಯೂ ಬಿರುಸಾಗುತ್ತದೆ. ಗುಲ್ಮ ಎಂಬುದು ನಮ್ಮ ರಕ್ತದ ಜರಡಿ. ಅದು ಅನುಮಾನ ಬಂದದ್ದನ್ನೆಲ್ಲ ಹಿಡಿದು ಮುರಿದು ಹಾಕುತ್ತದೆ. ಆ ಕೆಲಸದಲ್ಲಿಯೇ ಅದು ದಪ್ಪವಾಗುತ್ತದೆ. ವೈವಾಕ್ಸ್ ಇನ್ನೂ ಒಂದು ಕಿತಾಪತಿ ಮಾಡುತ್ತದೆ. ಅದಕ್ಕೆ ಎಳೆಯ ಕಣಗಳೇ ಇಷ್ಟ. ಮೂಳೆಯ ಮಜ್ಜೆ ಕಷ್ಟಪಟ್ಟು ಹೊಸ ಕಣ ಮಾಡಿ ಕಳಿಸಿದರೆ ಬಾಗಿಲಲ್ಲಿಯೇ ಹಿಡಿಯುತ್ತದೆ.

ಮಜ್ಜೆಯಾದರೂ ಸರಿಯಾಗಿ ಕೆಲಸ ಮಾಡುತ್ತದೆಯೇ? ಅದೂ ಇಲ್ಲ. ಸೋಂಕು ಇರುವಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಇದು ಕಬ್ಬಿಣದ ಉಗ್ರಾಣಕ್ಕೆ ಬೀಗ ಹಾಕುವ ಮೇಸ್ತ್ರಿ ಎನ್ನಿ. ರೋಗಾಣುವಿಗೆ ಕಬ್ಬಿಣ ಸಿಗಬಾರದೆಂದು ದೇಹ ಮಾಡುವ ಉಪಾಯ ಇದು. ಆದರೆ ಬೀಗ ಬಿದ್ದ ಮೇಲೆ ಮಜ್ಜೆಗೂ ಕಬ್ಬಿಣ ಸಿಗುವುದಿಲ್ಲ, ಊಟದ ಕಬ್ಬಿಣವೂ ಕರುಳಿನಿಂದ ಒಳಗೆ ಹೋಗುವುದಿಲ್ಲ. ಅಂದರೆ ಖರ್ಚು ಹೆಚ್ಚು, ಉತ್ಪತ್ತಿ ಕಡಿಮೆ. ಎರಡೂ ಒಟ್ಟಿಗೆ!

ಇದನ್ನು ತಿಳಿದಾಗ ನನಗೆ ನೀಲಿ ಮಾತ್ರೆಯ ವಿಷಯ ಅರ್ಥವಾಯಿತು. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವ ಯೋಜನೆ ಆಗ ಹೊಸದಾಗಿ ಬಂದಿತ್ತು. ಮಾತ್ರೆಯಲ್ಲಿ 100 ಮಿಲಿಗ್ರಾಂ ಕಬ್ಬಿಣ. ಮಧ್ಯಾಹ್ನ ಊಟವಾದ ಮೇಲೆ ನನ್ನ ಎದುರೇ ನುಂಗಿಸಿ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದೆ. ಆ ಹುಡುಗಿಯ ಹೆಸರಿನ ಮುಂದೆಯೂ ಗುರುತುಗಳಿದ್ದವು. ಕಾಗದದಲ್ಲಿ ನೋಡಿದರೆ ಎಲ್ಲ ಸರಿ. ಬೀಗ ಹಾಕಿದ ಉಗ್ರಾಣದ ಮುಂದೆ ನಾನು ಮೂಟೆ ಇಳಿಸುತ್ತಿದ್ದೆ, ಅಷ್ಟೆ.

ಇಲ್ಲಿ ಒಂದು ಮುಖ್ಯ ಮಾತು. 2000ದ ದಶಕದ ಆರಂಭದಲ್ಲಿ ಜಾಂಜಿಬಾರಿನ ಪೆಂಬಾ ದ್ವೀಪದಲ್ಲಿ ದೊಡ್ಡ ಅಧ್ಯಯನ ನಡೆಯಿತು. ಸುನಿಲ್ ಸಜಾವಲ್ ಮತ್ತು ಸಂಗಡಿಗರು ಅದನ್ನು 2006ರಲ್ಲಿ ಪ್ರಕಟಿಸಿದರು. ಮಲೇರಿಯಾ ವಿಪರೀತ ಇರುವ ಆ ಜಾಗದಲ್ಲಿ 24,076 ಪುಟ್ಟ ಮಕ್ಕಳನ್ನು ಸೇರಿಸಿಕೊಂಡು, ಕೆಲವು ಗುಂಪುಗಳಿಗೆ ದಿನಾ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು. ಒಳ್ಳೆಯದಾಗುತ್ತದೆ ಎಂದುಕೊಂಡರೆ, ಕಬ್ಬಿಣ ತೆಗೆದುಕೊಂಡ ಮಕ್ಕಳಲ್ಲಿ ಆಸ್ಪತ್ರೆ ಸೇರುವ ಅಥವಾ ಸಾಯುವ ಅಪಾಯ ಶೇಕಡಾ 12ರಷ್ಟು ಹೆಚ್ಚು ಕಂಡಿತು. 2003ರಲ್ಲಿಯೇ ಕಬ್ಬಿಣ ಕೊಡುವುದನ್ನು ನಿಲ್ಲಿಸಬೇಕಾಯಿತು. ಆದರೆ ಅದೇ ಅಧ್ಯಯನದ ಒಂದು ಚಿಕ್ಕ ಗುಂಪಿನಲ್ಲಿ, ಮಕ್ಕಳನ್ನು ಪರೀಕ್ಷಿಸುತ್ತಾ ಮಲೇರಿಯಾ ಬಂದರೆ ಕೂಡಲೇ ಚಿಕಿತ್ಸೆ ಕೊಟ್ಟಲ್ಲಿ, ಕಬ್ಬಿಣದ ಕೊರತೆ ಇದ್ದ ಮಕ್ಕಳಿಗೆ ಕಬ್ಬಿಣದಿಂದ ಉಪಕಾರವೇ ಆಯಿತು. ಹಾಗಾಗಿ ಮಲೇರಿಯಾ ಇರುವ ಊರಿನಲ್ಲಿ ಕಬ್ಬಿಣ ಕೊಡುವಾಗ ಮಲೇರಿಯಾ ತಡೆಯುವ, ಪತ್ತೆ ಮಾಡುವ, ಗುಣಪಡಿಸುವ ವ್ಯವಸ್ಥೆ ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಓದಿ ಯಾರೂ ಶಾಲೆಯ ಮಾತ್ರೆಯನ್ನು ನಿಲ್ಲಿಸಬೇಡಿ! ನಮ್ಮ ಊರು ಪೆಂಬಾ ಅಲ್ಲ. ಮಾತ್ರೆ ಬೇಕು. ಆದರೆ ಆಗಾಗ ಜ್ವರ ಬರುವ ಮಗುವಿಗೆ ಮೊದಲು ರಕ್ತ ಪರೀಕ್ಷೆ ಬೇಕು.

ಮನುಷ್ಯನ ರಕ್ತಕ್ಕೂ ಮಲೇರಿಯಾಕ್ಕೂ ಇರುವ ಜಗಳ ಇಂದು ನಿನ್ನೆಯದಲ್ಲ. ತಲಸ್ಸೀಮಿಯಾದಂಥ ರಕ್ತದೋಷಗಳು ಮಲೇರಿಯಾದಿಂದ ರಕ್ಷಣೆ ಕೊಡುವುದರಿಂದಲೇ ಉಳಿದುಬಂದಿರಬಹುದು ಎಂದು 1949ರಲ್ಲಿ ಹೇಳಿದವರು ಹಾಲ್ಡೇನ್. ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡವರು ಇವರೇ. ಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಸಿಕಲ್ ಸೆಲ್ ಗುಣವನ್ನು ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಪಡೆದವರಿಗೆ ಫಾಲ್ಸಿಪಾರಂ ಮಲೇರಿಯಾ ತೀವ್ರವಾಗುವುದು ಕಡಿಮೆ ಎಂದು 1954ರಲ್ಲಿ ಆಲಿಸನ್ ತೋರಿಸಿದರು. ಇಬ್ಬರಿಂದಲೂ ಪಡೆದ ಮಗುವಿಗೆ ಮಾತ್ರ ಜೀವಮಾನದ ರಕ್ತಹೀನತೆ, ನೋವು. ಭಾರತದಲ್ಲಿ ಈ ಗುಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ವಯನಾಡಿನಲ್ಲಿಯೂ ಇದು ಉಂಟು. ಆ ಎರಡೂ ಕಡೆಯ ನಮ್ಮ ಶಿಕ್ಷಕ ಮಿತ್ರರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಒಂದು ಮಗು ಬಿಳಿಚಿಕೊಂಡರೆ ಯೋಚಿಸಬೇಕಾದದ್ದು ಇನ್ನೂ ಒಂದು ಹೆಚ್ಚು.

ಈಗ ಆ ಹಾಳೆಯ ಕಥೆಗೆ ಬರುತ್ತೇನೆ.

ವೈವಾಕ್ಸಿಗೆ ನಮ್ಮ ದೇಶದಲ್ಲಿ ಕೊಡುವ ಚಿಕಿತ್ಸೆಯಲ್ಲಿ ಎರಡು ಭಾಗ. ರಕ್ತದಲ್ಲಿರುವ ರೋಗಾಣುವಿಗೆ ಮೂರು ದಿನ ಕ್ಲೋರೋಕ್ವಿನ್. ಇದರಲ್ಲಿ ಜ್ವರ ಬಿಡುತ್ತದೆ. ಆದರೆ ಕೆಲವು ರೋಗಾಣುಗಳು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿರುತ್ತವೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಮತ್ತೆ ರಕ್ತಕ್ಕೆ ಇಳಿಯುತ್ತವೆ. ಅವುಗಳಿಗೆ 14 ದಿನ ಪ್ರೈಮಾಕ್ವಿನ್. ನಾವಿಬ್ಬರೂ, ನಾನು 1999ರಲ್ಲಿ, ಆ ಹುಡುಗಿ 2014ರಲ್ಲಿ, ಬಿಟ್ಟದ್ದು ಈ ಎರಡನೆಯದನ್ನು. ಪ್ರತಿ ಸಲ ಮರುಕಳಿಸಿದಾಗಲೂ ಒಂದಿಷ್ಟು ರಕ್ತ ಹೋಯಿತು. ಹಿಂದಿನದು ತುಂಬುವ ಮೊದಲೇ ಮುಂದಿನದು.

ಈ ಪ್ರೈಮಾಕ್ವಿನ್ ಒಳ್ಳೆಯ ಮದ್ದು, ಆದರೆ ಎಚ್ಚರ ಬೇಕು. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವವರಿಗೆ ಇದನ್ನು ಕೊಟ್ಟರೆ ರಕ್ತಕಣಗಳು ಒಡೆದು, ಮೂತ್ರ ಕಟ್ಟಂಚಾಯದ ಬಣ್ಣಕ್ಕೆ ತಿರುಗಿ, ರಕ್ತಹೀನತೆ ಇನ್ನೂ ಹೆಚ್ಚಾಗಬಹುದು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಇದನ್ನು ಕೊಡುವುದಿಲ್ಲ. ಹುಡುಗಿಗೆ ಆ ಪರೀಕ್ಷೆ ಮಾಡಿ, ತೊಂದರೆ ಇಲ್ಲವೆಂದು ನೋಡಿಯೇ ಮಾತ್ರೆ ಕೊಟ್ಟರು. ಜೊತೆಗೆ ಒಂದು ಚೀಟಿ. ಎಷ್ಟು ದಿನ, ಊಟದ ಮೊದಲೋ ನಂತರವೋ, ಯಾವ ಲಕ್ಷಣ ಕಂಡರೆ ನಿಲ್ಲಿಸಿ ಓಡಿ ಬರಬೇಕು ಎಂದು ಎಲ್ಲ ಅದರಲ್ಲಿ ಉಂಟು. ಪೂರಾ ಮಲಯಾಳದಲ್ಲಿ.

ಆ ತಾಯಿ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ಮನೆಮಾತು ತುಳು, ಓದಿದ್ದು ಏಳನೆಯವರೆಗೆ, ಅದೂ ನಮ್ಮದೇ ಕನ್ನಡ ಶಾಲೆಯಲ್ಲಿ. "ನೀವೇ ಓದಿ ಹೇಳಿ ಟೀಚರೇ, ನನಗೆ ಈ ಅಕ್ಷರ ಬರುದಿಲ್ಲ" ಎಂದರು. ನಾಚಿಕೆಯಿಂದ ಹೇಳಿದ ಮಾತು ಅದು. ಯಾರು ನಾಚಬೇಕು? ಹುಟ್ಟಿದ ಊರಿನಲ್ಲಿಯೇ ಇರುವವರು. ತಮ್ಮ ಭಾಷೆಯ ಸರಕಾರಿ ಶಾಲೆಗೆ ಹೋದವರು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು ಎಂದು 1969ರ ಕೇರಳದ ಭಾಷಾ ಕಾನೂನಿನಲ್ಲಿಯೇ ಉಂಟು. ನಾವು ಅದನ್ನು ನೇಮಕಾತಿ, ಬೋರ್ಡು, ಪಠ್ಯಪುಸ್ತಕದ ವಿಷಯದಲ್ಲಿ ಹೇಳುತ್ತೇವೆ, ಹೇಳಬೇಕಾದದ್ದೇ. ಮದ್ದಿನ ಚೀಟಿಯ ಬಗ್ಗೆ ನಾನು ಅಂದಿನವರೆಗೆ ಯೋಚಿಸಿಯೇ ಇರಲಿಲ್ಲ. ಮಲಯಾಳದ ಮೇಲೆ ನನಗೆ ಯಾವ ಮುನಿಸೂ ಇಲ್ಲ, ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನ ಮಲಯಾಳದವರೇ. ಆ ಚೀಟಿಯಲ್ಲಿ ಎರಡು ಶಬ್ದ ನನಗೆ ತಿಳಿಯದಿದ್ದಾಗ ಅರ್ಥ ಹೇಳಿದ್ದೂ ಅವರೇ.

ಆ ರಾತ್ರಿ ಕುಳಿತು ಚೌಕುಳಿ ಹಾಳೆಯಲ್ಲಿ 14 ಮನೆ ಎಳೆದೆ. ಮೇಲೆ ದಪ್ಪ ಅಕ್ಷರದಲ್ಲಿ "ಜ್ವರ ಬಿಟ್ಟರೂ ಮಾತ್ರೆ ಬಿಡಬಾರದು" ಎಂದು ಬರೆದೆ. ಕೆಳಗೆ "ಊಟ ಮಾಡಿದ ಮೇಲೆಯೇ ತೆಗೆದುಕೊಳ್ಳಬೇಕು. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ಆ ಕೂಡಲೇ ಆಸ್ಪತ್ರೆಗೆ" ಎಂದು ಬರೆದೆ. ಅಷ್ಟೇ. ಅಡಿಗೆ ಕೋಣೆಯ ಗೋಡೆಗೆ ಅಂಟಿಸಿಕೊಂಡರಂತೆ. ಎಣ್ಣೆ ಕಲೆ ಅಲ್ಲಿಯದ್ದು. ಹೊಟ್ಟೆ ಉರಿ ಈ ಸಲ ಬರಲಿಲ್ಲ. ಮೊದಲ ಸಲ ಬರಿ ಹೊಟ್ಟೆಗೆ ಕೊಟ್ಟಿದ್ದರಂತೆ! ಹದಿನಾಲ್ಕೂ ಮುಗಿದ ಮೇಲೆ ಹುಡುಗಿಯೇ ಹಾಳೆಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು, ಹೋಂವರ್ಕ್ ತೋರಿಸುವ ಹಾಗೆ.

ಮಲೇರಿಯಾ ಹೋದ ಮೇಲೆ ಡಾಕ್ಟರು ಕಬ್ಬಿಣದ ಮಾತ್ರೆ ಶುರು ಮಾಡಿದರು, ಹುಳದ ಮಾತ್ರೆಯನ್ನೂ ಕೊಟ್ಟರು. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳವೂ ರಕ್ತ ಹೀರುವ ಇನ್ನೊಂದು ದಾರಿ. ಮಾತ್ರೆ ತಿಂದ ಹೊತ್ತಿಗೆ ಚಹಾ ಬೇಡ, ಒಂದು ನೆಲ್ಲಿಕಾಯಿಯೋ ಲಿಂಬೆ ಪಾನಕವೋ ಒಳ್ಳೆಯದು ಎಂದರು. ಬೀಟ್‌ರೂಟಿನ ಕೆಂಪು ರಕ್ತದ ಕೆಂಪಲ್ಲ ಎಂದೂ ಅಂದೇ ಗೊತ್ತಾಯಿತು. ಅದಕ್ಕಿಂತ ನಮ್ಮ ಬೂತಾಯಿ, ಹುರುಳಿ, ಹರಿವೆ, ನುಗ್ಗೆ ಸೊಪ್ಪು ಮೇಲು. ಕ್ರಿಸ್ಮಸ್ ರಜೆ ಮುಗಿಸಿ ಬಂದಾಗ ಹಿಮೋಗ್ಲೋಬಿನ್ 11 ದಾಟಿತ್ತು. ಅವಳು ತರಗತಿಯಲ್ಲಿ ನಿದ್ದೆ ಮಾಡುವುದು ನಿಂತಿತು, ಪಕ್ಕದವಳೊಡನೆ ಮಾತಾಡುವುದು ಶುರುವಾಯಿತು. ಅದಕ್ಕೂ ಗದರಬೇಕಿತ್ತು. ಗದರಲಿಲ್ಲ.

ಆ ಮಾರ್ಚಿನಲ್ಲಿ ಒಂದು ದಿನ ಅವಳನ್ನು ಕರೆದು "ಅಂದು ನಿಲ್ಲಿಸಿದ್ದು ನನ್ನ ತಪ್ಪು" ಎಂದೆ. "ಪರವಾಗಿಲ್ಲ ಟೀಚರ್, ನಿಲ್ಲಿಸದಿದ್ದರೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ?" ಎಂದು ನಕ್ಕಳು. ಮಕ್ಕಳು ಬೇಗ ಕ್ಷಮಿಸುತ್ತಾರೆ. ಅದನ್ನು ನಾವು ಲೆಕ್ಕಕ್ಕೆ ಹಿಡಿಯಬಾರದು.

ಈಗ ಮಂಗಳೂರಿನಲ್ಲಿ ಮಲೇರಿಯಾ ಅಂದಿನ ಹಾಗಿಲ್ಲ, ಬಹಳ ಇಳಿದಿದೆ. 2030ರೊಳಗೆ ದೇಶದಿಂದಲೇ ತೊಲಗಿಸಬೇಕೆಂಬ ಗುರಿ ಉಂಟು. ಆದರೆ ಎಚ್ಚರ ತಪ್ಪಬಾರದು. ಕೇರಳದಲ್ಲಿ 1965ರಲ್ಲಿ ಮಲೇರಿಯಾ ಹೋಯಿತು ಎಂದೇ ಘೋಷಿಸಿದ್ದರು. ದೇಶದಲ್ಲಿಯೂ ಒಂದು ಲಕ್ಷದ ಆಸುಪಾಸಿಗೆ ಇಳಿದದ್ದು 1976ರಲ್ಲಿ 64 ಲಕ್ಷ ದಾಟಿತು. ರಕ್ತಹೀನತೆಯಂತೂ ಎಲ್ಲಿಗೂ ಹೋಗಿಲ್ಲ. ಆರೋಗ್ಯದಲ್ಲಿ ಮುಂದೆ ಎನ್ನುವ ಕೇರಳದಲ್ಲಿಯೇ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 39.4, ಹೆಂಗಸರಲ್ಲಿ ಶೇಕಡಾ 36.3 ಜನರಿಗೆ ರಕ್ತಹೀನತೆ. ದೇಶದ ಲೆಕ್ಕ ಇನ್ನೂ ಹೆಚ್ಚು, ಮಕ್ಕಳಲ್ಲಿ ಶೇಕಡಾ 67.

ಅಂದಿನಿಂದ ನಾನು ಮೂರು ಅಭ್ಯಾಸ ಮಾಡಿಕೊಂಡಿದ್ದೇನೆ. ತೂಕಡಿಸುವ ಮಗುವನ್ನು ಗದರುವ ಮೊದಲು ಹತ್ತಿರ ಕರೆದು ಕಣ್ಣಿನ ರೆಪ್ಪೆ ನೋಡುತ್ತೇನೆ. ಜೂನ್ ತಿಂಗಳಲ್ಲಿ ಹಾಜರಿ ಕರೆಯುವಾಗ ರಜೆಯಲ್ಲಿ ಯಾರು ಎಲ್ಲಿಗೆ ಹೋಗಿದ್ದರು, ಯಾರಿಗೆ ಜ್ವರ ಬಂದಿತ್ತು ಎಂದು ಕೇಳಿ ಬರೆದಿಡುತ್ತೇನೆ. ಯಾವ ಮನೆಗೆ ಮದ್ದಿನ ಚೀಟಿ ಬಂದರೂ ಬೇಕಾದವರಿಗೆ ಕನ್ನಡದಲ್ಲಿ ಬರೆದುಕೊಡುತ್ತೇನೆ. ಡಾಕ್ಟರರಿಗೆ ಒಮ್ಮೆ ತೋರಿಸಿಯೇ ಕೊಡುತ್ತೇನೆ, ನಾವು ವೈದ್ಯರಲ್ಲವಲ್ಲ. ಹೋಸೂರು, ತಾಳವಾಡಿ, ಜತ್ತ, ಅಕ್ಕಲಕೋಟೆ ಕಡೆಯ ಮಿತ್ರರೇ, ನಿಮ್ಮಲ್ಲಿ ಚೀಟಿ ಯಾವ ಭಾಷೆಯಲ್ಲಿ ಬರುತ್ತದೆ? ಅದನ್ನು ಮನೆಯವರಿಗೆ ಓದಿ ಹೇಳುವವರು ಯಾರು? ತಿಳಿಸಿ.

ಹಾಳೆಯನ್ನು ಮತ್ತೆ ಕಪಾಟಿನಲ್ಲಿಯೇ ಇಟ್ಟಿದ್ದೇನೆ. ಈ ಸಲ ಒಳಗಲ್ಲ, ಬಾಗಿಲಿನ ಹಿಂಬದಿಗೆ ಅಂಟಿಸಿ. ಹಾಜರಿ ಪುಸ್ತಕ ತೆಗೆಯುವಾಗ ದಿನಾ ಕಾಣಲಿ ಎಂದು.